ಬೀಗ ಹಾಕಿದ ಕವಾಟ

ದೊಡ್ಡ ಕಟ್ಟಡಗಳಲ್ಲಿ ಬಾಯ್ಲರ್ ಕೋಣೆ ಇರುವುದು ಯಾರ ಕಣ್ಣಿಗೂ ಬೀಳದ ಜಾಗದಲ್ಲಿ: ನೆಲಮಾಳಿಗೆಯಲ್ಲೋ, ಹಿಂಬದಿಯ ಮೂಲೆಯಲ್ಲೋ. ಮೇಲೆ ಕೆಲಸ ಮಾಡುವವರಿಗೆ ಗೊತ್ತಾಗುವುದು ಬೆಚ್ಚಗಿದೆಯೋ ಇಲ್ಲವೋ ಎಂಬುದಷ್ಟೇ. ಕೆಳಗಿನ ಬೆಂಕಿಯನ್ನು ನೋಡಿಕೊಳ್ಳಲು ಒಬ್ಬನಿರುತ್ತಾನೆ. ಅವನು ‘ಎಲ್ಲ ಸರಿಯಾಗಿದೆ’ ಎಂದರೆ ಅಷ್ಟು ಸಾಕೇ? ಬಾಯ್ಲರ್ ಸುರಕ್ಷತೆಯ ಇತಿಹಾಸವೆಂದರೆ ಈ ಪ್ರಶ್ನೆಗೆ ಮನುಷ್ಯರು ಜೀವ ತೆತ್ತು ಕಂಡುಕೊಂಡ ಉತ್ತರ.

ಒಂದು ಲೀಟರ್ ನೀರು ಉಗಿಯಾದರೆ ಸಾಮಾನ್ಯ ಒತ್ತಡದಲ್ಲಿ ಸುಮಾರು 1,600 ಲೀಟರಿನಷ್ಟು ಜಾಗ ಬೇಡುತ್ತದೆ. ಮುಚ್ಚಿದ ಬಾಯ್ಲರಿನಲ್ಲಿ ಒತ್ತಡ ಏರಿದಂತೆ ನೀರು 100 ಡಿಗ್ರಿ ದಾಟಿಯೂ ನೀರಾಗಿಯೇ ಉಳಿಯುತ್ತದೆ. ತಗಡು ಎಲ್ಲಾದರೂ ಸೀಳಿತೋ, ಆ ಕುದಿನೀರಿನ ಒಂದು ಪಾಲು ಒಂದೇ ಕ್ಷಣದಲ್ಲಿ ಉಗಿಯಾಗಿ ಹೊರನುಗ್ಗುತ್ತದೆ. ಆಮೇಲೆ ಗೋಡೆ, ಮಾಡು ಯಾವುದೂ ತಡೆಯಲಾರದು.

ಹೆಚ್ಚಿನ ಒತ್ತಡದ ಉಗಿಯನ್ನು ಧೈರ್ಯವಾಗಿ ದುಡಿಸಿದವರಲ್ಲಿ ಕಾರ್ನ್‌ವಾಲಿನ ರಿಚರ್ಡ್ ಟ್ರೆವಿಥಿಕ್ ಮೊದಲಿಗ. 1803ರಲ್ಲಿ ಲಂಡನ್ ಬಳಿಯ ಗ್ರೀನಿಚ್‌ನಲ್ಲಿ ಅವನ ಪಂಪಿನ ಬಾಯ್ಲರ್ ಸಿಡಿದು ಕೆಲಸಗಾರರು ಸತ್ತರು. ಯಂತ್ರದ್ದೇನೂ ತಪ್ಪಿಲ್ಲ, ನಡೆಸುವವರ ಅಜಾಗ್ರತೆಯೇ ಕಾರಣ ಎಂಬುದು ಟ್ರೆವಿಥಿಕ್‌ನ ವಾದ. ಪ್ರತಿಸ್ಪರ್ಧಿಗಳಾದ ಬೋಲ್ಟನ್ ಮತ್ತು ವಾಟ್ ಇದನ್ನೇ ಹಿಡಿದು ಅಧಿಕ ಒತ್ತಡದ ಉಗಿಯ ವಿರುದ್ಧ ಪ್ರಚಾರ ಮಾಡಿದರು. ಆದರೆ ಟ್ರೆವಿಥಿಕ್ ವಾದಕ್ಕೇ ನಿಲ್ಲಲಿಲ್ಲ. ಮುಂದಿನ ಬಾಯ್ಲರುಗಳಿಗೆ ಎರಡು ಸುರಕ್ಷಾ ಕವಾಟಗಳನ್ನು ಇಟ್ಟ. ಅವುಗಳಲ್ಲಿ ಒಂದು ಮಾತ್ರ ನಡೆಸುವವನ ಕೈಗೆ ಸಿಗುವಂತಿತ್ತು, ಇನ್ನೊಂದನ್ನು ಅವನು ಮುಟ್ಟುವಂತಿರಲಿಲ್ಲ. ನೀರಿನ ಮಟ್ಟ ತೀರ ಇಳಿದರೆ ಕರಗಿ ಉಗಿಯನ್ನು ಹೊರಬಿಡುವ ಸೀಸದ ಬಿರಡೆಯನ್ನೂ ಸೇರಿಸಿದ. ಸೀಸಕ್ಕೆ ನಿದ್ದೆ ಬರುವುದಿಲ್ಲ, ಅವಸರವಿಲ್ಲ, ಯಜಮಾನನ ಮುಲಾಜೂ ಇಲ್ಲ.

ಆದರೂ ಬಾಯ್ಲರಿನ ಒಳಗೇ ಇರುವ ಕಾವಲುಗಾರನಿಗೆ ಒಂದು ಮಿತಿಯಿದೆ. ಅದು 1905ರ ಮಾರ್ಚ್ 20ರಂದು ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಬ್ರಾಕ್ಟನ್ ಊರಿನಲ್ಲಿ ಗೊತ್ತಾಯಿತು. ಅಲ್ಲಿನ ಗ್ರೋವರ್ ಷೂ ಕಾರ್ಖಾನೆಯಲ್ಲಿ ಹೊಸ ಬಾಯ್ಲರಿನ ದುರಸ್ತಿ ನಡೆದಿತ್ತು. ಚಳಿಯ ಬೆಳಗು, ಕಟ್ಟಡವನ್ನು ಬೆಚ್ಚಗಿಡಲು ಹಳೆಯ ಬಾಯ್ಲರನ್ನು ಹೊತ್ತಿಸಿದ್ದರು. ಕೋಣೆಯೊಂದರ ರೇಡಿಯೇಟರ್ ಸಿಳ್ಳೆ ಹಾಕುತ್ತಿರುವುದನ್ನು ಕೇಳಿದ ವ್ಯವಸ್ಥಾಪಕ ಎಂಜಿನಿಯರನ್ನು ವಿಚಾರಿಸಿದ. ಏನೂ ತೊಂದರೆಯಿಲ್ಲ ಎಂಬ ಉತ್ತರ ಬಂತು. ಸ್ವಲ್ಪ ಹೊತ್ತಿನಲ್ಲೇ ಬಾಯ್ಲರ್ ಸಿಡಿದು, ಮಹಡಿಗಳನ್ನು ಸೀಳಿಕೊಂಡು ಮಾಡಿನಾಚೆಗೆ ಹಾರಿತು. ಮೇಲಿದ್ದ ನೀರಿನ ತೊಟ್ಟಿ ಕುಸಿಯಿತು, ಮಹಡಿಗಳು ಒಂದರ ಮೇಲೊಂದು ಬಿದ್ದವು, ಚೆಲ್ಲಿದ ಕೆಂಡ ಮರದ ಕಟ್ಟಡಕ್ಕೆ ಬೆಂಕಿ ಹಚ್ಚಿತು. 58 ಮಂದಿ ಸತ್ತರು.

ಆ ಎಂಜಿನಿಯರ್ ಸುಳ್ಳು ಹೇಳಿದ್ದನೆಂದು ತಿಳಿಯಬೇಕಿಲ್ಲ. ಒಂದು ತಗಡಿನ ಅಂಚನ್ನು ಇನ್ನೊಂದರ ಮೇಲೆ ಹೊದಿಸಿ ರಿವೆಟ್ ಹೊಡೆದ ಜೋಡಣೆ ಅದು. ಬಿರುಕು ಹುಟ್ಟಿದ್ದು ಆ ಹೊದಿಕೆಯ ಅಡಿಯಲ್ಲಿ. ಕೋಣೆಯಲ್ಲಿ ನಿಂತ ಮನುಷ್ಯ ಎಷ್ಟೇ ಪ್ರಾಮಾಣಿಕನಾಗಿದ್ದರೂ ಅದನ್ನು ಕಾಣುವಂತಿರಲಿಲ್ಲ. ಆದ್ದರಿಂದ ಬಾಯ್ಲರನ್ನು ಹೇಗೆ ಕಟ್ಟಬೇಕು ಎಂಬಲ್ಲಿಂದಲೇ ನಿಯಮ ಶುರುವಾಗಬೇಕಿತ್ತು. 1907ರಲ್ಲಿ ಮ್ಯಾಸಚೂಸೆಟ್ಸ್ ಕಾನೂನು ಮಾಡಿ, ನಿಯಮ ರೂಪಿಸುವ ಮಂಡಳಿ ನೇಮಿಸಿತು. ಆ ದೇಶದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ ಮುಂದೆ ಸಿದ್ಧಪಡಿಸಿದ ಬಾಯ್ಲರ್ ಸಂಹಿತೆಯ ಮೊದಲ ಆವೃತ್ತಿ 1914ರದು.

ನಮ್ಮ ದೇಶ ಈ ಪಾಠದ ಒಂದು ಭಾಗವನ್ನು ಅದಕ್ಕೂ ಮೊದಲೇ ಕಲಿತಿತ್ತು. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರ್ ಸಿಡಿದು ಹಲವರು ಸತ್ತ ಮೇಲೆ, 1864ರಲ್ಲಿ ಬಂಗಾಳ ತಪಾಸಣೆಯ ಕಾನೂನು ತಂದಿತು. ಪ್ರಾಂತಕ್ಕೊಂದು ಬಗೆಯಾಗಿದ್ದ ನಿಯಮಗಳನ್ನು 1923ರ ಭಾರತೀಯ ಬಾಯ್ಲರುಗಳ ಅಧಿನಿಯಮ ಒಂದುಗೂಡಿಸಿತು. ಅದರ ಜಾಗಕ್ಕೆ 2025ರಲ್ಲಿ ಹೊಸ ಅಧಿನಿಯಮ ಬಂದಿದೆ. ಕರ್ನಾಟಕದಲ್ಲಿ ಕಾರ್ಖಾನೆಗಳ ಜೊತೆಗೆ ಬಾಯ್ಲರುಗಳನ್ನೂ ತನ್ನ ಹೆಸರಿನಲ್ಲೇ ಹೊತ್ತ ಸರ್ಕಾರಿ ಇಲಾಖೆಯಿದೆ. ಸಕ್ಕರೆ ಕಾರ್ಖಾನೆಯ ಬಾಯ್ಲರಿಗೂ ಹೊರಗಿನವರ ತಪಾಸಣೆ ಬೇಕು.

ಒಳ್ಳೆಯ ಬಾಯ್ಲರ್ ಕೋಣೆಯ ಇಂದಿನ ಕಟ್ಟಳೆಗಳೂ ಇದೇ ಎಚ್ಚರದಿಂದ ಬಂದವು. ಬೆಂಕಿಗೆ ಸಾಕಷ್ಟು ಗಾಳಿ ಬರುವ ಕಿಂಡಿಯನ್ನು ಚಳಿಯೆಂದು ಮುಚ್ಚಬಾರದು. ಗಾಳಿ ಕಡಿಮೆಯಾದರೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಕಟ್ಟಡದೊಳಕ್ಕೆ ಹರಡುತ್ತದೆ. ಜಾಗ ಖಾಲಿಯಿದೆಯೆಂದು ಬಣ್ಣದ ಡಬ್ಬ, ರಟ್ಟಿನ ಪೆಟ್ಟಿಗೆ, ಮುರಿದ ಕುರ್ಚಿಗಳನ್ನು ತಂದು ತುಂಬಬಾರದು. ನೀರಿನ ಮಟ್ಟ ತೋರುವ ಗಾಜು ಎದುರಿಗೇ ಕಾಣಬೇಕು. ಸುರಕ್ಷಾ ಕವಾಟದಿಂದ ನೀರು ತೊಟ್ಟಿಕ್ಕಿದರೆ ಕವಾಟವನ್ನು ಬದಲಿಸಬೇಕೇ ಹೊರತು ಅದರ ಕೊಳವೆಯ ಬಾಯಿಗೆ ಬಿರಡೆ ಜಡಿಯಬಾರದು.

ಇವು ಕೋಣೆಯಲ್ಲಿ ದುಡಿಯುವವನ ಮೇಲಿನ ಅಪನಂಬಿಕೆಯಂತೆ ಕಾಣಬಹುದು. ಆದರೆ ಸಿಡಿದಾಗ ಬೆಂಕಿಗೆ ತೀರ ಹತ್ತಿರ ಇರುವವನು ಅವನೇ. ಐವತ್ತೋ ನೂರೋ ಜನರ ಜೀವದ ಭಾರವನ್ನು ಒಬ್ಬನ ಕಣ್ಣು, ಕಿವಿ, ಊಹೆಯ ಮೇಲೆ ಹೊರಿಸುವುದು ಅವನಿಗೂ ಮಾಡುವ ಅನ್ಯಾಯ. ಟ್ರೆವಿಥಿಕ್‌ನ ಎರಡನೆಯ ಕವಾಟ ಆ ಭಾರದಲ್ಲಿ ಸ್ವಲ್ಪವನ್ನು ಅವನ ಹೆಗಲಿನಿಂದ ಇಳಿಸಿತು.