ನಮ್ಮೂರ ಚರಿತ್ರೆ, ಕಂತು 9: ನೀರು ಕುಡಿಸ್ಬೇಡ ಅಂದೋರು

ಫೋಟೋದಲ್ಲಿರೋದು ಓಆರ್‌ಎಸ್ ಪ್ಯಾಕೆಟ್. ಇದ್ರಲ್ಲೇನು ಹಿಸ್ಟರಿ ಅಂತೀರಾ? ಪೂರ್ತಿ ಓದಿ.

ನಮ್ಮಜ್ಜಿಗೆ ಆರು ಮಕ್ಕಳು, ಉಳಿದದ್ದು ಐದು. 1968ರಲ್ಲಿ ಒಂದೂವರೆ ವರ್ಷದ ಹೆಣ್ಣುಮಗು ವಾಂತಿಭೇದಿಯಾಗಿ ಎರಡೇ ದಿನಕ್ಕೆ ಹೋಯ್ತು. "ನೀರು ಕೇಳ್ತಿತ್ತು ಕಣಪ್ಪ. ಕುಡಿಸಿದ್ರೆ ಇನ್ನೂ ಜಾಸ್ತಿ ಆಯ್ತದೆ ಅಂದ್ರು, ಕೊಡ್ನಿಲ್ಲ" ಅಂತ ಅಜ್ಜಿ ಈಗಲೂ ಹೇಳುತ್ತೆ.

ಹಳೇ ಕಾಲದೋರಿಗೆ ಬುದ್ಧಿ ಇರ್ಲಿಲ್ಲ ಅನ್ಬೇಡಿ. ಹೊಟ್ಟೆಗೆ ರೆಸ್ಟ್ ಬೇಕು ಅಂತ ಎಷ್ಟೋ ಡಾಕ್ಟರುಗಳೇ ಆಗ ಮಕ್ಕಳಿಗೆ ಊಟ ನಿಲ್ಲಿಸ್ತಿದ್ರು. ಭೇದಿಯಾದ ಮಗು ಸಾಯೋದು ಮೈಯಲ್ಲಿರೋ ನೀರು, ಉಪ್ಪು ಖಾಲಿಯಾಗಿ ಅಂತ ಗೊತ್ತಿತ್ತು. ಆದ್ರೆ ಅದನ್ನ ತುಂಬೋಕೆ ಡ್ರಿಪ್ಪೇ ಬೇಕಿತ್ತು. ಹಳ್ಳಿಯಲ್ಲಿ ಡ್ರಿಪ್ ಎಲ್ಲಿ?

ಹಾಗಂತ ಮಂಡ್ಯ ಹಿಂದುಳಿದಿತ್ತು ಅಂತಲ್ಲ. 1929ರಲ್ಲೇ ಮೈಸೂರು ಸರ್ಕಾರ ರಾಕ್‌ಫೆಲ್ಲರ್ ಫೌಂಡೇಶನ್ ನೆರವಿನಿಂದ ಇಲ್ಲಿ ಗ್ರಾಮೀಣ ಆರೋಗ್ಯ ಘಟಕ ಶುರುಮಾಡಿತ್ತು. ಮಂಡ್ಯ ಆಗ ಜಿಲ್ಲೆಯೂ ಆಗಿರ್ಲಿಲ್ಲ, ಅದಾಗಿದ್ದು 1939ರಲ್ಲಿ. ರೋಗ ಬರದ ಹಾಗೆ ತಡೀಬೇಕು ಅನ್ನೋ ಯೋಚನೆ ಇತ್ತು. ಬಂದ್ಮೇಲೆ ಮನೇಲೇ ಏನು ಕೊಡ್ಬೇಕು ಅನ್ನೋದು ಗೊತ್ತಿರ್ಲಿಲ್ಲ.

ಅದಕ್ಕೆ ದಾರಿ ಸಿಕ್ಕಿದ್ದು 1960ರಲ್ಲಿ. ಕರುಳು ಉಪ್ಪನ್ನ ಒಳಗೆ ಎಳ್ಕೊಳ್ಳೋಕೆ ಗ್ಲೂಕೋಸ್ ಜೊತೆಗಿರಬೇಕು, ಅವೆರಡರ ಹಿಂದೆ ನೀರೂ ಹೋಗುತ್ತೆ ಅಂತ ರಾಬರ್ಟ್ ಕ್ರೇನ್ ತೋರಿಸಿದ್ರು. ಭೇದಿ ಆಗ್ತಿರುವಾಗಲೂ ಈ ಕೆಲಸ ನಿಲ್ಲಲ್ಲ! 1968ರಲ್ಲಿ ಢಾಕಾದಲ್ಲಿ ಕಾಲರಾ ರೋಗಿಗಳಿಗೆ ಇದನ್ನ ಕುಡಿಸಿ ನೋಡಿದ್ರು. ಹೌದು, ಅದೇ 1968.

1971ರ ಬಾಂಗ್ಲಾ ಯುದ್ಧ. ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ. ಆಸ್ಪತ್ರೆಯಲ್ಲಿ ನೆಲದ ತುಂಬಾ ರೋಗಿಗಳು, ಡ್ರಿಪ್ ಖಾಲಿ. ಡಾ. ದಿಲೀಪ್ ಮಹಲನಬಿಸ್ ಗ್ಲೂಕೋಸ್, ಅಡುಗೆ ಉಪ್ಪು, ಸೋಡಾ ನೀರಲ್ಲಿ ಕಲಸಿ ಡ್ರಮ್ಮುಗಳಲ್ಲಿ ಇಟ್ರು. ಕುಡಿಸೋ ಕೆಲಸ ರೋಗಿಯ ಅಮ್ಮನಿಗೆ, ಅಕ್ಕನಿಗೆ. ಶೇ 30ರಷ್ಟಿದ್ದ ಸಾವು ಶೇ 4ಕ್ಕಿಂತ ಕೆಳಗಿಳೀತು. ಅವರಿಗೆ ಪದ್ಮವಿಭೂಷಣ ಬಂದಿದ್ದು 2023ರಲ್ಲಿ, ತೀರ್ಕೊಂಡ ಮೇಲೆ. ನಂಗಂತೂ ಇದು ಬೇಜಾರು.

ಭೇದಿ ತರಿಸೋ ರೋಟಾವೈರಸ್‌ಗೆ ಲಸಿಕೆ 2019ರಿಂದ ಕರ್ನಾಟಕದಲ್ಲೂ ಸರ್ಕಾರದಿಂದ ಫ್ರೀ. 6, 10, 14 ವಾರಕ್ಕೆ ಬಾಯಿಗೆ ಹಾಕ್ತಾರೆ. ಆದ್ರೆ ಲಸಿಕೆ ಎಲ್ಲಾ ಭೇದಿಗೂ ಅಲ್ಲ. ತೊಳೆಯದ ಹಾಲಿನ ಬಾಟ್ಲಿ, ಆರು ತಿಂಗಳಿಗೆ ಮುಂಚೇನೇ ಎದೆಹಾಲಿನ ಬದಲು ಬೇರೇದು, ಚರಂಡಿ ಪಕ್ಕದಲ್ಲೇ ಹೋಗೋ ಒಡೆದ ನಲ್ಲಿ ಪೈಪು, ಮಗು ಕಕ್ಕ ತೊಳೆದು ಸೋಪು ಹಾಕದ ಕೈ... ಇವೆಲ್ಲ ಇನ್ನೂ ಇದಾವೆ.

ಪ್ಯಾಕೆಟ್ ಮೇಲೆ ಬರೆದಷ್ಟೇ ನೀರು ಹಾಕಿ. ದೊಡ್ಡದಕ್ಕೆ 1 ಲೀಟರ್, ಕಾಯಿಸಿ ಆರಿಸಿದ್ದು. ಚಮಚದಲ್ಲಿ ಸ್ವಲ್ಪ ಸ್ವಲ್ಪ ಕುಡಿಸಿ, 24 ಗಂಟೆ ಆದ್ರೆ ಚೆಲ್ಲಿ. ಎದೆಹಾಲು, ಊಟ ನಿಲ್ಲಿಸ್ಬೇಡಿ. ಕಣ್ಣು ಗುಳಿ ಬಿದ್ರೆ, ಮಗು ಮಂಕಾದ್ರೆ, ಕುಡಿಯೋಕೇ ಆಗ್ತಿಲ್ಲ ಅಂದ್ರೆ, ಭೇದಿಯಲ್ಲಿ ರಕ್ತ ಕಂಡ್ರೆ ತಕ್ಷಣ ಆಸ್ಪತ್ರೆಗೆ ಓಡಿ.

ಮುಂದಿನ ಕಂತು ವಿ.ಸಿ. ನಾಲೆ ಬಗ್ಗೆ. ನಿಮ್ಮಜ್ಜಿ ಹತ್ರ ಹಳೇ ಫೋಟೋ ಇದ್ರೆ ಕಳ್ಸಿ.

#ಗುತ್ತಲು #ಮಂಡ್ಯ #ನಮ್ಮೂರಚರಿತ್ರೆ