ಕೆರೆ ಮರಳಿ ಬಂದ ಬಗೆ

ಶ್ರೀರಂಗಪಟ್ಟಣದ ಬಳಿಯ ಕರಿಘಟ್ಟ ಹತ್ತಿ ನಿಂತರೆ, ಕೆಳಗೆ ಲೋಕಪಾವನಿ ಕಾವೇರಿಯನ್ನು ಕೂಡುವುದು ಕಾಣುತ್ತದೆ. ಮುಂದೆ ಹರಿದ ಇದೇ ಕಾವೇರಿಯ ಒಂದಂಶ ತೊರೆಕಾಡನಹಳ್ಳಿಯ ಪಂಪುಗಳ ಬಲದಿಂದ ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರಿಗೆ ಏರುತ್ತದೆ. ನೀರು ಮೇಲಕ್ಕೆ ಹರಿಯುವ ಈ ಸೋಜಿಗಕ್ಕೆ ಬೆಂಗಳೂರು ತೆತ್ತ ಬೆಲೆಯೂ ಉಂಟು.

ಹೊಳೆಯಿಲ್ಲದ ಆ ಊರಿಗೆ ಕೆರೆಗಳೇ ಆಸರೆಯಾಗಿದ್ದವು. 1894ರಲ್ಲಿ ಹೆಸರಘಟ್ಟದ, 1933ರಲ್ಲಿ ತಿಪ್ಪಗೊಂಡನಹಳ್ಳಿಯ, 1974ರಲ್ಲಿ ಕಾವೇರಿಯ ನೀರು ನಲ್ಲಿಗೆ ಬಂದಂತೆಲ್ಲ ಜನ ಕೆರೆಯನ್ನು ಮರೆತರು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕ್ರೀಡಾಂಗಣವಾಯಿತು.

ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯೂ ಕೊಳಚೆ ಸೇರಿ ಕೆಟ್ಟಿತ್ತು. ಸುತ್ತಲಿನ ಹೊಸ ನಿವಾಸಿಗಳು, ಹಳೆಯ ಹಳ್ಳಿಗರು ಮಹಾನಗರ ಪಾಲಿಕೆಯೊಡನೆ ಕುಳಿತು ಚರ್ಚಿಸಿದರು. 2009ರಲ್ಲಿ ಕೆಲಸ ಆರಂಭವಾಯಿತು. ಹೂಳು ತೆಗೆದರು, ಕೊಳಚೆಯನ್ನು ಬೇರೆಡೆ ತಿರುಗಿಸಿದರು, ಗಣೇಶ ವಿಸರ್ಜನೆಗೆಂದೇ ಪ್ರತ್ಯೇಕ ಕಲ್ಯಾಣಿ ಕಟ್ಟಿದರು. 2011ರ ಹೊತ್ತಿಗೆ ನೀರೂ ಹಕ್ಕಿಗಳೂ ಮರಳಿದ್ದವು.

ಆದರೆ ನನ್ನ ಗಮನ ಸೆಳೆದದ್ದು ವಾಯುವಿಹಾರದ ಹಾದಿಯಲ್ಲ. ಕೆರೆ ಉದ್ಯಾನವಾದೊಡನೆ ಸುತ್ತ ಬೇಲಿ ಬರುತ್ತದೆ. ದನ ಸಾಕಿದವರು ಹೊರಗುಳಿಯುತ್ತಾರೆ. ನಗರದ ಎಷ್ಟೋ ಕೆರೆಗಳಲ್ಲಿ ಹಾಗೆಯೇ ಆಯಿತು. ಕೈಕೊಂಡ್ರಹಳ್ಳಿಯಲ್ಲಿ ಮಾತ್ರ ಬೇಲಿಯೊಳಗೂ ಮೇವಿನ ಹುಲ್ಲು ಕೊಯ್ದುಕೊಳ್ಳಲು ಅವರಿಗೆ ಅವಕಾಶ ಉಳಿಸಿದರು.