ಹೊರಗೆ ಕುಳಿತವರ ಪಾಲು

ಆಲಮಟ್ಟಿಯಿಂದ ಇಂಡಿಯವರೆಗೆ ನಮ್ಮ ಕಡೆಯ ಜಾತ್ರೆಗಳಲ್ಲಿ ಕಬಡ್ಡಿ ನಡೆದಾಗ ಜನರ ಕಣ್ಣು ಅಂಕಣದಲ್ಲಿರುವ ಏಳು ಮಂದಿಯ ಮೇಲೆಯೇ ಇರುತ್ತದೆ. ಗೆರೆಯ ಆಚೆ ಸರದಿಗಾಗಿ ಕಾದು ಕುಳಿತ ಉಳಿದ ಐವರನ್ನು ಯಾರೂ ಗಮನಿಸುವುದಿಲ್ಲ. ಅವರೂ ಅದೇ ಬಿಸಿಲಿನಲ್ಲಿ ಬೆವರು ಸುರಿಸಿದವರೇ, ಅದೇ ತಂಡದ ಅಂಗಿ ತೊಟ್ಟವರೇ. ತಂಡ ಗೆದ್ದರೆ ಅವರ ಪಾಲು ಎಷ್ಟು? ಯಾವ ಆಟದ ತರಬೇತುದಾರನೇ ಆಗಲಿ, ಒಂದಲ್ಲ ಒಂದು ದಿನ ಎದುರಿಸಲೇಬೇಕಾದ ಪ್ರಶ್ನೆ ಇದು. ಬಾಸ್ಕೆಟ್‌ಬಾಲ್ ಕೋಚ್‌ಗಳು ಇದಕ್ಕೆ ಕೊಟ್ಟ ಉತ್ತರ ಒಂದು ಬಗೆಯದಾದರೆ, ಕರ್ನಾಟಕದ ಒಬ್ಬ ಕೋಚ್ ಕೊಟ್ಟ ಉತ್ತರ ಅದಕ್ಕಿಂತ ಒಂದು ಹೆಜ್ಜೆ ಮುಂದಿನದು.

ಬಾಸ್ಕೆಟ್‌ಬಾಲ್ ಹುಟ್ಟಿದಾಗ ಈ ಪ್ರಶ್ನೆಯೇ ಇರಲಿಲ್ಲ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ಶಿಕ್ಷಕ ಜೇಮ್ಸ್ ನೈಸ್ಮಿತ್, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಲೆಂದು ಈ ಆಟ ರೂಪಿಸಿದರು. ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿ, ಹದಿಮೂರು ನಿಯಮಗಳನ್ನು ಬರೆದರು. ಅವರ ತರಗತಿಯಲ್ಲಿ ಇದ್ದವರು ಹದಿನೆಂಟು ವಿದ್ಯಾರ್ಥಿಗಳು. ಆದ್ದರಿಂದ ಒಂದೊಂದು ಕಡೆಗೆ ಒಂಬತ್ತು ಮಂದಿಯಾದರು. ಹೊರಗೆ ಕೂರುವವರು ಯಾರೂ ಉಳಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಆಟಗಾರರ ಸಂಖ್ಯೆ ಐದಕ್ಕೆ ಇಳಿಯಿತು. ಪೈಪೋಟಿ ಬೆಳೆಯಿತು. ಬದಿಯ ಬೆಂಚೂ ಬಂತು, ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು ಎಂದು ತೀರ್ಮಾನಿಸುವ ಕೋಚೂ ಬಂದ.

ಆ ಬೆಂಚಿಗೆ ಬೆಲೆ ತಂದುಕೊಟ್ಟವರು ಬಾಸ್ಟನ್ ಸೆಲ್ಟಿಕ್ಸ್ ತಂಡದ ರೆಡ್ ಔರ್‌ಬ್ಯಾಕ್. 1950ರಿಂದ 1966ರವರೆಗೆ ತಂಡವನ್ನು ನಡೆಸಿದ ಅವರು ಒಂಬತ್ತು ಬಾರಿ ಚಾಂಪಿಯನ್‌ಷಿಪ್ ಗೆದ್ದರು. ಅವುಗಳಲ್ಲಿ ಎಂಟು 1959ರಿಂದ ಸತತವಾಗಿ ಬಂದವು. ಪಂದ್ಯವನ್ನು ಆರಂಭಿಸುವವರು ಯಾರು ಎಂಬುದಕ್ಕಿಂತ ಮುಗಿಸುವವರು ಯಾರು ಎಂಬುದೇ ಮುಖ್ಯ ಎಂದು ಅವರು ನಂಬಿದ್ದರು. ಅದಕ್ಕಾಗಿಯೇ ಫ್ರ್ಯಾಂಕ್ ರ‍್ಯಾಮ್ಸೆಯಂತಹ ಉತ್ತಮ ಆಟಗಾರನನ್ನು ಬೇಕೆಂದೇ ಮೊದಲಿಗೆ ಕೂರಿಸುತ್ತಿದ್ದರು. ಎದುರಾಳಿಯ ಐವರು ದಣಿದ ಹೊತ್ತಿಗೆ ಈತ ಹೊಸ ಕಸುವಿನಿಂದ ಒಳಗೆ ನುಗ್ಗುತ್ತಿದ್ದ. ಹೀಗೆ ‘ಆರನೆಯ ಆಟಗಾರ’ ಎಂಬುದೇ ಒಂದು ಗೌರವದ ಸ್ಥಾನವಾಯಿತು. ಆ ಗೆಲುವಿನ ವರ್ಷಗಳಲ್ಲಿ ಇಡೀ ಲೀಗಿನಲ್ಲೇ ಅತಿ ಹೆಚ್ಚು ಅಂಕ ಗಳಿಸಿದ ಆಟಗಾರ ಒಮ್ಮೆಯೂ ಸೆಲ್ಟಿಕ್ಸ್‌ನವನಾಗಿರಲಿಲ್ಲ ಎಂಬುದು ಗಮನಾರ್ಹ.

ಶಿಕಾಗೊ ಬುಲ್ಸ್ ತಂಡದ ಕಥೆಯೂ ಇದನ್ನೇ ಹೇಳುತ್ತದೆ. ಮೈಕೆಲ್ ಜೋರ್ಡಾನ್ 1987ರಿಂದಲೇ ವರ್ಷ ವರ್ಷವೂ ಅಂಕ ಗಳಿಕೆಯಲ್ಲಿ ಮೊದಲಿಗರಾಗಿದ್ದರೂ ತಂಡಕ್ಕೆ ಪ್ರಶಸ್ತಿ ದಕ್ಕಿರಲಿಲ್ಲ. ಕೋಚ್ ಫಿಲ್ ಜಾಕ್ಸನ್ ಅವರು ಸಹಾಯಕ ಟೆಕ್ಸ್ ವಿಂಟರ್ ಕಲಿಸಿದ ತ್ರಿಕೋನ ಪದ್ಧತಿಯನ್ನು ಅಳವಡಿಸಿದರು. ಚೆಂಡು ಒಬ್ಬನ ಕೈಯಲ್ಲೇ ನಿಲ್ಲದೆ ಎಲ್ಲರ ಕೈಗೂ ಹರಿದಾಡಬೇಕು ಎಂಬುದು ಅದರ ತಿರುಳು. 1991ರಲ್ಲಿ ಮೊದಲ ಪ್ರಶಸ್ತಿ ಬಂತು. 1997ರ ಫೈನಲ್ಸ್‌ನ ಕೊನೆಯ ಪಂದ್ಯದ ಕೊನೆಯ ಕ್ಷಣಗಳಲ್ಲಿ ಜೋರ್ಡಾನ್ ತಾವೇ ಎಸೆಯದೆ, ಬೆಂಚಿನಿಂದ ಬಂದಿದ್ದ ಸ್ಟೀವ್ ಕೆರ್‌ಗೆ ಚೆಂಡು ಕೊಟ್ಟರು. ಕೆರ್ ಗುರಿ ತಪ್ಪಲಿಲ್ಲ.

ಇವೆಲ್ಲ ಗೆಲುವಿಗಾಗಿ ಬೆಂಚನ್ನು ಬಳಸಿಕೊಂಡ ಜಾಣ್ಮೆ. ಗೆಲುವಿನ ಲೆಕ್ಕ ಬಿಟ್ಟು, ಹೊರಗೆ ಕುಳಿತವನಿಗೂ ಒಂದು ಹಕ್ಕಿದೆ ಎಂದು ಯೋಚಿಸಿದವರು ಬೆಂಗಳೂರಿನ ರಾಹುಲ್ ದ್ರಾವಿಡ್.

2015ರಲ್ಲಿ ದ್ರಾವಿಡ್ ಭಾರತ ‘ಎ’ ಮತ್ತು 19 ವರ್ಷದೊಳಗಿನವರ ಕ್ರಿಕೆಟ್ ತಂಡಗಳ ಕೋಚ್ ಆದರು. ‘ಎ’ ತಂಡದ ಪ್ರವಾಸಕ್ಕೆ ಬಂದ ಯಾರೂ ಒಂದಾದರೂ ಪಂದ್ಯ ಆಡದೆ ಹಿಂದಿರುಗಬಾರದು ಎಂಬುದು ಅವರ ನಿಯಮ. ಎಳೆಯ ವಯಸ್ಸಿನಲ್ಲಿ ತಾವೇ ಅಂತಹ ಪ್ರವಾಸಕ್ಕೆ ಹೋಗಿ ಅವಕಾಶ ಸಿಗದ ನೋವು ಉಂಡದ್ದನ್ನು ಅವರು ಮುಂದೆ ಹೇಳಿಕೊಂಡಿದ್ದಾರೆ. ಅದರ ಹಿಂದಿನ ತರ್ಕ ಸರಳ. ದೇಶಿ ಋತುವಿನಲ್ಲಿ ಏಳೆಂಟು ನೂರು ರನ್ ಗಳಿಸಿದ ಹುಡುಗ ಆಯ್ಕೆಯಾಗಿ ಬರುತ್ತಾನೆ. ಇಲ್ಲಿ ಬರಿದೇ ಕುಳಿತು ಹೋದರೆ, ಮುಂದಿನ ವರ್ಷ ಅಷ್ಟೇ ರನ್ನುಗಳನ್ನು ಮತ್ತೆ ಮೊದಲಿನಿಂದ ಗಳಿಸಬೇಕು. ಎಲ್ಲರಿಗೂ ಅದು ಸಾಧ್ಯವಾಗುವುದಿಲ್ಲ.

2018ರ ಫೆಬ್ರುವರಿಯಲ್ಲಿ ಅವರ ಹುಡುಗರು ನ್ಯೂಜಿಲೆಂಡಿನಲ್ಲಿ ವಿಶ್ವಕಪ್ ಗೆದ್ದರು. ಕ್ರಿಕೆಟ್ ಮಂಡಳಿ ದ್ರಾವಿಡ್‌ಗೆ 50 ಲಕ್ಷ ರೂಪಾಯಿ, ನೆರವು ಸಿಬ್ಬಂದಿಗೆ ತಲಾ 20 ಲಕ್ಷ ಬಹುಮಾನ ಪ್ರಕಟಿಸಿತು. ಈ ತಾರತಮ್ಯವನ್ನು ದ್ರಾವಿಡ್ ಒಪ್ಪಲಿಲ್ಲ. ಕೊನೆಗೆ ಅವರಿಗೂ ಸಿಬ್ಬಂದಿಗೂ ತಲಾ 25 ಲಕ್ಷವಾಯಿತು. ಅವರ ಬಹುಮಾನ ಅರ್ಧಕ್ಕೆ ಇಳಿಯಿತು, ಉಳಿದವರದು ಏರಿತು.

ಹಾಗೆಂದು ಈ ನಿಯಮ ಎಲ್ಲ ಕಡೆ ನಡೆಯುತ್ತದೆಯೇ? ಇಲ್ಲ. ಹಿರಿಯರ ತಂಡದಲ್ಲಿ ಗೆಲುವೇ ಮೊದಲ ಮಾತು. 2023ರ ವಿಶ್ವಕಪ್ಪಿನಲ್ಲಿ ಸತತ ಹತ್ತು ಪಂದ್ಯ ಗೆದ್ದ ಭಾರತ, ನವೆಂಬರ್ 19ರಂದು ಅಹಮದಾಬಾದಿನ ಫೈನಲ್‌ನಲ್ಲಿ ಆಸ್ಟ್ರೇಲಿಯಕ್ಕೆ ಸೋತಿತು. ಮರುವರ್ಷ ಜೂನ್ 29ರಂದು ಬಾರ್ಬಡೋಸಿನಲ್ಲಿ ದಕ್ಷಿಣ ಆಫ್ರಿಕವನ್ನು 7 ರನ್ನುಗಳಿಂದ ಮಣಿಸಿ ಟಿ-20 ವಿಶ್ವಕಪ್ ಗೆದ್ದಿತು. 2007ರಲ್ಲಿ ಅದೇ ವೆಸ್ಟ್ ಇಂಡೀಸಿನಲ್ಲಿ ದ್ರಾವಿಡ್ ನಾಯಕತ್ವದ ತಂಡ ಮೊದಲ ಸುತ್ತಿನಲ್ಲೇ ಹೊರಬಿದ್ದಿತ್ತು. 2024ರ ಆ ಗೆಲುವಿನ ತಂಡದಲ್ಲೂ ಸಂಜು ಸ್ಯಾಮ್ಸನ್, ಯಶಸ್ವಿ ಜೈಸ್ವಾಲ್, ಯಜುವೇಂದ್ರ ಚಾಹಲ್ ಒಂದು ಪಂದ್ಯವನ್ನೂ ಆಡಲಿಲ್ಲ. ಆದರೆ ಬಹುಮಾನದ ಹಂಚಿಕೆಯಲ್ಲಿ ಆಡಿದವರಿಗೂ ಆಡದವರಿಗೂ ಸಮಪಾಲು ಸಿಕ್ಕಿತೆಂದೂ, ದ್ರಾವಿಡ್ ಈ ಬಾರಿಯೂ ಹೆಚ್ಚಿನ ಪಾಲು ಬೇಡವೆಂದು ಉಳಿದ ಕೋಚ್‌ಗಳಷ್ಟೇ ಪಡೆದರೆಂದೂ ವರದಿಯಾಯಿತು.

ಕಾದು ಕುಳಿತವರ ಬೆಲೆ ಏನೆಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆಯಿದೆ. ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ಮಹಿಳಾ ವಿಶ್ವಕಪ್ಪಿನಲ್ಲಿ ಮೊದಲ ಪಂದ್ಯಗಳಲ್ಲಿ ಹೊರಗೇ ಇದ್ದರು. ಜುಲೈ 15ರಂದು ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ, ಸೋತರೆ ಊರಿಗೆ ಮರಳಬೇಕಾಗಿದ್ದ ಪಂದ್ಯದಲ್ಲಿ ಅವರನ್ನು ಇಳಿಸಲಾಯಿತು. ಅವರು 15 ರನ್ನಿಗೆ 5 ವಿಕೆಟ್ ಕಿತ್ತರು. ನ್ಯೂಜಿಲೆಂಡ್ 79ಕ್ಕೆ ಕುಸಿಯಿತು. ಭಾರತ ಸೆಮಿಫೈನಲ್ ತಲುಪಿತು, ಅಲ್ಲಿಂದ ಫೈನಲ್‌ಗೂ ಹೋಯಿತು. ಅಷ್ಟು ದಿನ ಹೊರಗಿದ್ದೂ ಅವರು ಅಭ್ಯಾಸದಲ್ಲಿ ಸಡಿಲಗೊಂಡಿರಲಿಲ್ಲ, ಮನಸ್ಸು ಕುಗ್ಗಿರಲಿಲ್ಲ.

ತಾಲ್ಲೂಕು ಕ್ರೀಡಾಕೂಟಕ್ಕೆ ತಂಡ ಕಟ್ಟುವ ನಮ್ಮ ದೈಹಿಕ ಶಿಕ್ಷಣ ಶಿಕ್ಷಕರ ಕೈಯಲ್ಲಿ ಕೋಟಿಗಳ ಬಹುಮಾನವಿಲ್ಲ. ಆದರೆ ಯಾರನ್ನು ಆಡಿಸಬೇಕೆಂಬ ತೀರ್ಮಾನ ಅವರದೇ. ಫೈನಲ್ ಪಂದ್ಯದಲ್ಲಿ ಬಲಿಷ್ಠರನ್ನೇ ಇಳಿಸಲಿ, ತಪ್ಪಿಲ್ಲ. ಆದರೆ ವರ್ಷವಿಡೀ ಮೈದಾನಕ್ಕೆ ತಪ್ಪದೆ ಬಂದ ಹುಡುಗ ಅಥವಾ ಹುಡುಗಿ ಒಮ್ಮೆಯೂ ಗೆರೆ ದಾಟಿ ಒಳಗೆ ಬರದೆ ಶಾಲೆ ಮುಗಿಸಿದರೆ ಆ ಮಗುವಿಗೆ ಅದು ನಷ್ಟ, ಬಹುಶಃ ತಂಡಕ್ಕೂ ನಷ್ಟ. ಅಲ್ಲಿ ಇನ್ನೊಬ್ಬ ಗಾಯಕವಾಡ ಇದ್ದರೋ ಇಲ್ಲವೋ ತಿಳಿಯಬೇಕಾದರೆ ಮೊದಲು ಆಡಲು ಬಿಡಬೇಕು.